ಟರ್ಬೊ ಪೆಟ್ರೋಲ್ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್ ಬೇಕಾ? ಹಾಕಿಸಿದವರು ಹೇಳಿ

ವಿಜಯಪುರದಿಂದ ಪ್ರಶ್ನೆ: ನನ್ನದು ಡೈರೆಕ್ಟ್ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಕಾರು. ಥ್ರಾಟಲ್ ಬಾಡಿ ಬಿಚ್ಚಿದಾಗ ಪೈಪಿನ ಒಳಗೆಲ್ಲ ಆಯಿಲ್ ಜಿಡ್ಡು ಇತ್ತು. ಆ ಆಯಿಲನ್ನು ದಾರಿಯಲ್ಲೇ ಹಿಡಿದಿಡುವ ಡಬ್ಬಿ, ಅದೇ ಕ್ಯಾಚ್ ಕ್ಯಾನ್, ಹಾಕಿಸು ಅಂತಾರೆ ಗೆಳೆಯರು. ಹಾಕಿಸಲೋ ಬೇಡವೋ? ಆಮೇಲೆ ಕೆಲಸ ಎಷ್ಟು?

ಬೆಳಗಾವಿಯಿಂದ: ಹಾಕಿಸಿ ಸರ್. ಆದರೆ ಆಗಾಗ ಬಾನೆಟ್ ಎತ್ತಿ ನೋಡುವ ರೂಢಿ ಇದ್ದರೆ ಮಾತ್ರ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಗ್ಯಾಸ್ ಆಯಿಲ್ ಆವಿ, ನೀರಿನ ಪಸೆ ಎಲ್ಲ ಹೊತ್ತುಕೊಂಡು ಪಿಸಿವಿ ವಾಲ್ವ್ (ಆ ಗ್ಯಾಸನ್ನು ಎಂಜಿನ್ನಿನ ತಳದಿಂದ ಹೊರಡಿಸುವ ವಾಲ್ವ್) ಮೂಲಕ ಮತ್ತೆ ಗಾಳಿ ಒಳಹೋಗುವ ದಾರಿಯಾದ ಇಂಟೇಕ್‌ಗೆ ಹೋಗುತ್ತೆ. ಹಳೆಯ ರೀತಿಯ ಎಂಜಿನ್ನಿನಲ್ಲಿ ಪೆಟ್ರೋಲ್ ಇಂಟೇಕ್ ವಾಲ್ವಿನ ಬೆನ್ನ ಮೇಲೇ ಬೀಳುವುದರಿಂದ ಆ ಜಿಡ್ಡು ತೊಳೆದು ಹೋಗ್ತಿತ್ತು. ನಿಮ್ಮದರಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತೆ, ವಾಲ್ವ್ ತೊಳೆಯುವವರು ಯಾರೂ ಇಲ್ಲ, ಕಾರ್ಬನ್ ಕಟ್ಟುತ್ತೆ. ಈಗಾಗಲೇ ಕಟ್ಟಿದ್ದನ್ನು ಕ್ಯಾನ್ ತೆಗೆಯಲ್ಲ, ಮುಂದೆ ಕಟ್ಟುವುದು ಕಡಿಮೆಯಾಗುತ್ತೆ ಅಷ್ಟೆ.

ಕೊಳ್ಳುವಾಗ ಮುಚ್ಚಳ ಬಿಚ್ಚಿ ಒಳಗೆ ನೋಡಿ. ಬ್ಯಾಫಲ್ (ಗ್ಯಾಸಿಗೆ ಅಡ್ಡ ನಿಲ್ಲುವ ತಗಡು) ಅಥವಾ ಜಾಳಿಗೆ ಇರಲೇಬೇಕು. ಬರೀ ಖಾಲಿ ಡಬ್ಬಿಯಾದರೆ ಗ್ಯಾಸ್ ಒಂದು ಕಡೆ ಒಳಗೆ ಬಂದು ಇನ್ನೊಂದು ಕಡೆ ಹಾಗೇ ಹೋಗುತ್ತೆ, ದುಡ್ಡು ದಂಡ. ಟರ್ಬೊ, ಎಕ್ಸಾಸ್ಟ್ ಹತ್ತಿರ ಕೂರಿಸಬೇಡಿ, ತಂಪಿದ್ದಷ್ಟೂ ಆವಿ ಚೆನ್ನಾಗಿ ಹನಿಯಾಗುತ್ತೆ. ನಾನು ಬ್ರಾಕೆಟ್ ಮಾಡಿಸಿದ್ದು ಉದ್ಯಮಬಾಗಿನ ಒಂದು ವರ್ಕ್‌ಶಾಪಿನಲ್ಲಿ, ಅಳತೆ ಕೊಟ್ಟರೆ ಮಾಡಿಕೊಡ್ತಾರೆ. ಪಿಸಿವಿ ವಾಲ್ವ್ ಮಾತ್ರ ತೆಗೆಸಬೇಡಿ. ಕ್ಯಾನ್ ಅದರ ಮತ್ತು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ನಡುವೆ ಬರಬೇಕು.

ನಮ್ಮಲ್ಲಿ ಮಳೆಗಾಲ, ಚಳಿಗಾಲದಲ್ಲಿ ಕ್ಯಾನ್ ತೆಗೆದರೆ ಹಾಲು ಜಾಸ್ತಿಯಾದ ಚಹಾದ ಬಣ್ಣದ ಲೋಳೆ ಬರುತ್ತೆ, ಮೇಲೆ ನೊರೆ, ಪೆಟ್ರೋಲ್ ವಾಸನೆ. ಮೊದಲ ಸಲ ನೋಡಿದವರು ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲಿಗೆ ಸೇರ್ತು ಅಂತ ಹೆದರ್ತಾರೆ. ಕೂಲೆಂಟ್ ಮಟ್ಟ ಇಳಿಯದಿದ್ದರೆ ಸಾಮಾನ್ಯವಾಗಿ ಅದು ಆಯಿಲ್ ಜೊತೆ ಸೇರಿದ ತೇವ ಅಷ್ಟೆ, ಊರೊಳಗೆ ಸಣ್ಣ ಸಣ್ಣ ಓಡಾಟ ಇದ್ದರೆ ಇನ್ನೂ ಜಾಸ್ತಿ. ಮೊದಲು 1000 ಕಿ.ಮೀ.ಗೆ ಒಮ್ಮೆ ನೋಡಿ, ಎಷ್ಟು ತುಂಬುತ್ತೆ ಅಂತ ಗೊತ್ತಾದ ಮೇಲೆ ನೀವೇ ಅಂತರ ಹಿಡಿಯಿರಿ. ಬಂದದ್ದನ್ನು ಎಂಜಿನ್ನಿಗೆ ವಾಪಸ್ ಸುರಿಯಬೇಡಿ, ಗಟಾರಕ್ಕೂ ಬೇಡ. ಗ್ಯಾರೇಜಿನ ಹಳೆ ಆಯಿಲ್ ಡ್ರಮ್ಮಿಗೆ ಹಾಕಿ.

ಬಾಗಲಕೋಟೆಯಿಂದ: ಮೇಲಿನವರು ಹೇಳಿದ್ದು ಸರಿ, ಹೋಸ್ ಬಗ್ಗೆ ನನ್ನದೊಂದು ಮಾತು. ನೀರಿನ ಪೈಪು, ಅಗ್ಗದ ರಬ್ಬರ್ ಹಾಕಿಸಲೇಬೇಡಿ. ಆಯಿಲ್ ತಾಗಿ ಉಬ್ಬುತ್ತೆ, ನಮ್ಮ ಬೇಸಿಗೆಯ ಬಿಸಿಗೆ ಮೆತ್ತಗಾಗಿ ವ್ಯಾಕ್ಯೂಮ್‌ಗೆ ಚಪ್ಪಟೆಯಾಗುತ್ತೆ. ದಾರಿ ಮುಚ್ಚಿತು ಅಂದರೆ ಎಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿ ಆಯಿಲ್ ಸೀಲ್ ಸೋರುತ್ತೆ, ಡಿಪ್‌ಸ್ಟಿಕ್ ಕೂಡ ಮೇಲೆದ್ದು ಬರಬಹುದು. ಆಯಿಲ್ ತಡೆಯುವ ಹೋಸ್, ಒಳ್ಳೆ ಕ್ಲಾಂಪ್, ಎಲ್ಲೂ ಮಡಿಕೆ ಬೀಳಬಾರದು. ಕ್ಯಾನ್ ತೀರಾ ಬೇಗ ತುಂಬುತ್ತಿದ್ದರೆ ದೊಡ್ಡ ಕ್ಯಾನ್ ಹುಡುಕಬೇಡಿ, ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನ ಒತ್ತಡದ ಪರೀಕ್ಷೆ) ಮಾಡಿಸಿ, ರಿಂಗ್ ಸವೆದಿರಬಹುದು.

ವಿಜಯಪುರ: ಮೇಲೆ ಪುಟ್ಟ ಫಿಲ್ಟರ್ ಇರುವ ಕ್ಯಾನ್ ಅಗ್ಗಕ್ಕೆ ಸಿಗ್ತಿದೆ, ನಡೆಯುತ್ತಾ?

ಬೆಳಗಾವಿ: ಬೇಡ ಸರ್. ಅದು ಗ್ಯಾಸನ್ನು ಹೊರಗೆ ಬಿಡುತ್ತೆ, ಎಸಿ ಹಾಕಿದಾಗ ವಾಸನೆ ಕಾರೊಳಗೇ ಬರುತ್ತೆ, ಮನೆಯವರು ಕೂರಲ್ಲ. ಮ್ಯಾನಿಫೋಲ್ಡ್‌ಗೆ ಜೋಡಿಸಿದರೆ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಚೆಕ್ ಎಂಜಿನ್ ಲೈಟ್ ಹತ್ತುತ್ತೆ. ಎರಡೂ ಕಡೆ ಹೋಸ್ ಇರುವ, ಪೂರ್ತಿ ಮುಚ್ಚಿದ್ದೇ ತಗೊಳ್ಳಿ. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿಬಿಡಿ.