ಸಹಾಯ ಬೇಕು: ರೂಮಿನಲ್ಲಿ ಒಬ್ಬನೇ ಇದ್ದೇನೆ, ಕುಮಾರವ್ಯಾಸನನ್ನು ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಲವತ್ತನೇ ವಯಸ್ಸಿನಲ್ಲಿ ನನಗೆ ಚಿಕನ್ ಪಾಕ್ಸ್! ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ 'ಅಮ್ಮ' ಬಂದಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹಾಗಾಗಿ ಗುಳ್ಳೆಗಳೆಲ್ಲ ಒಣಗುವವರೆಗೆ ಮಹಡಿ ರೂಮೇ ಗತಿ. ಊಟದ ತಟ್ಟೆ ಬಾಗಿಲವರೆಗೆ ಬರುತ್ತದೆ. ಜ್ವರ ಬಿಟ್ಟಿದೆ. ಎರಡು ದಿನ ಸುಮ್ನೆ ಮೊಬೈಲ್ ನೋಡಿ ನೋಡಿ ತಲೆ ಕೆಟ್ಟಿತು.

ಕೊನೆಗೆ ಅಪ್ಪನ ಕಪಾಟಿನಿಂದ ಕುಮಾರವ್ಯಾಸ ಭಾರತ ತರಿಸಿಕೊಂಡೆ. ಶಾಲೆಯ ಲೆಕ್ಕ ನೆನಪಿದೆ: ಇದರ ಛಂದಸ್ಸಾದ, ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲಿಗೆ 14 ಮಾತ್ರೆ (ಉಚ್ಚಾರದ ಕಾಲದ ಅಳತೆ), 3 ಮತ್ತು 6ನೇ ಸಾಲಿಗೆ 23. ಪ್ರಸ್ತಾರ ಹಾಕಲು, ಅಂದರೆ ಲಘು-ಗುರು ಗುರುತು ಹಾಕಲು ಬರುತ್ತದೆ, ಓದಲು ಬರುವುದಿಲ್ಲ ನೋಡಿ! ಪದ ಎಲ್ಲಿ ಬಿಡಿಸಬೇಕು ಅನ್ನುವುದೇ ತೊಡಕು. ಮಾತ್ರೆಗಳನ್ನು ಮೂರು-ನಾಲ್ಕು, ಮೂರು-ನಾಲ್ಕು ಎಂದು ಬೆರಳು ಮಡಿಸುತ್ತಾ ಹೋದರೆ ಅರ್ಥ ತಪ್ಪುತ್ತದೆ. ಅರ್ಥ ಹಿಡಿದರೆ ಲಯ ಹೋಗುತ್ತದೆ.

ಗಮಕ (ಕಾವ್ಯವನ್ನು ರಾಗವಾಗಿ ಓದುವ ಕಲೆ) ಬಲ್ಲವರು ಇಲ್ಲಿ ಯಾರಾದರೂ ಇದ್ದೀರಾ? ಆದಿಪರ್ವದಿಂದಲೇ ಶುರು ಮಾಡಲಾ, ಇಲ್ಲಾ ವಿರಾಟಪರ್ವಕ್ಕೆ ಹಾರಲಾ? ಉತ್ತರಕುಮಾರನ ಕತೆ ಗೊತ್ತಿರುವುದರಿಂದ ಸುಲಭ ಆಗಬಹುದು, ಅಲ್ವಾ? ದಿನಕ್ಕೆ ಎಷ್ಟು ಪದ್ಯ ಸಾಕು? ಇನ್ನೂ ಒಂದು ವಾರ ಇದೆ. ಕಣ್ಣು ಬೇಗ ದಣಿಯುತ್ತದೆ, ಕೇಳುವಂಥದ್ದು ಇದ್ದರೂ ತಿಳಿಸಿ.

ಔಷಧಿ ಸಲಹೆ ಬೇಡ, ಅದನ್ನು ಡಾಕ್ಟರ್ ನೋಡಿಕೊಳ್ಳುತ್ತಿದ್ದಾರೆ.