ಥ್ಯಾಂಕ್ಸ್‌ಗಿವಿಂಗ್‌ಗೆ ಟರ್ಕಿ ಕೋಳಿಯೇ ಯಾಕೆ?

ಡಲ್ಲಾಸ್ ದೋಸೆ: ನವೆಂಬರಿನಲ್ಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂದರೆ ನಮ್ಮ ಆಫೀಸಿನಲ್ಲಿ ಇದೇ ಕಥೆ. 1621ರಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ ನೆಲೆಸಿದ್ದ ಇಂಗ್ಲಿಷರು ಮೊದಲ ಸುಗ್ಗಿ ಮುಗಿಸಿ ಅಲ್ಲಿನ ಮೂಲನಿವಾಸಿಗಳ ಜೊತೆ ಟರ್ಕಿ ತಿಂದರಂತೆ. ಅದಕ್ಕೇ ಅಮೆರಿಕದವರು ಇವತ್ತಿಗೂ ಅದನ್ನೇ ಮಾಡುತ್ತಾರಂತೆ. ಇಷ್ಟೇನಾ?

ಹಳೇ ಕಾಗದ: ಅಲ್ಲ. ಆ ಊಟದಲ್ಲಿದ್ದ ಎಡ್ವರ್ಡ್ ವಿನ್ಸ್ಲೋ ಬರೆದ ಪತ್ರ ಉಳಿದಿದೆ. ನಾಲ್ವರು ಹಕ್ಕಿ ಬೇಟೆಗೆ ಹೋಗಿ ಒಂದೇ ದಿನದಲ್ಲಿ ಹೆಚ್ಚುಕಮ್ಮಿ ವಾರಕ್ಕಾಗುವಷ್ಟು ತಂದರು ಅನ್ನುತ್ತಾನೆ. ಯಾವ ಹಕ್ಕಿ ಅಂತ ಹೇಳುವುದಿಲ್ಲ. ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರ ನಾಯಕ ಮಸಸೋಯಿಟ್ 90 ಜನರ ಜೊತೆ ಬಂದ, ಅವರು 5 ಜಿಂಕೆ ಹೊಡೆದು ತಂದರು. ಪತ್ರ ನಂಬಿದರೆ ಹಬ್ಬಕ್ಕೆ ಜಿಂಕೆ ಬೇಯಬೇಕು!

ಬಾಡೂಟ ಪ್ರಿಯ: ಪ್ಲಿಮತ್‌ನ ಗವರ್ನರ್ ಬ್ರಾಡ್‌ಫರ್ಡ್ ಬರೆದಿದ್ದಾನಲ್ಲ, ಕಾಡು ಟರ್ಕಿ ಬೇಕಾದಷ್ಟಿತ್ತು ಅಂತ?

ಹಳೇ ಕಾಗದ: ಆ ಸೀಸನ್ನಿನಲ್ಲಿ ಸಿಗುತ್ತಿತ್ತು ಅಂತ ಬರೆದ, ಆ ಎಲೆಗೆ ಬಡಿಸಿದರು ಅಂತಲ್ಲ. ಅವನ ಹಸ್ತಪ್ರತಿ ಎಷ್ಟೋ ಕಾಲ ಕಳೆದುಹೋಗಿತ್ತು, ಪೂರ್ತಿ ಅಚ್ಚಾಗಿದ್ದು 1856ರಲ್ಲಿ. ಅಷ್ಟರಲ್ಲಿ ಅಮೆರಿಕದ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡಿನ ಮನೆಗಳಲ್ಲಿ ಟರ್ಕಿ ಬೇಯುತ್ತಲೇ ಇತ್ತು.

ಮಂಡ್ಯ ಹುಡುಗಿ: ನೀವಿಬ್ಬರೂ ಕಾಗದ ಬಿಟ್ಟು ಕೋಳಿಗೂಡಿಗೆ ಬನ್ನಿ. ನಮ್ಮಜ್ಜಿ ಮೊಟ್ಟೆ ಇಡುವ ಕೋಳಿ ಮುಟ್ಟುತ್ತಿರಲಿಲ್ಲ, ನೆಂಟರು ಬಂದರೆ ಹುಂಜಕ್ಕೇ ಗ್ರಹಚಾರ. ಅಲ್ಲಿಯೂ ಅಷ್ಟೇ. ಹಸು ಹಾಲಿಗೆ, ಕೋಳಿ ಮೊಟ್ಟೆಗೆ, ಟರ್ಕಿ ಮಾಂಸಕ್ಕೆ. ವಸಂತದಲ್ಲಿ ಮರಿ. ಬೇಸಿಗೆ ಪೂರ್ತಿ ಮಿಡತೆ, ಆಮೇಲೆ ಹೊಲದಲ್ಲಿ ಉದುರಿದ ಕಾಳು. ನವೆಂಬರ್ ಹೊತ್ತಿಗೆ ದಪ್ಪಗಾಗಿರುತ್ತದೆ. ಹಿಮ ಬಿದ್ದ ಮೇಲೆ ಸುಮ್ನೆ ಯಾಕೆ ಮೇವು ಹಾಕಬೇಕು? ಒಂದು ಹಕ್ಕಿ ಕೊಯ್ದರೆ ಇಡೀ ಮನೆಗಾಯಿತು.

ಬಾಡೂಟ ಪ್ರಿಯ: ಈ ಲೆಕ್ಕ ಹೆಬ್ಬಾತಿಗೂ ಸರಿಹೋಗುತ್ತದಲ್ವಾ? ಜರ್ಮನಿಯಲ್ಲಿ ನವೆಂಬರ್ 11ರ ಸೇಂಟ್ ಮಾರ್ಟಿನ್ ಹಬ್ಬಕ್ಕೆ ಅದೇ. ಇಂಗ್ಲೆಂಡಿನಲ್ಲೂ ಕ್ರಿಸ್‌ಮಸ್‌ಗೆ ಎಷ್ಟೋ ಮನೆಗಳಲ್ಲಿ ಹೆಬ್ಬಾತೇ ಇತ್ತು.

ಮಂಡ್ಯ ಹುಡುಗಿ: ಹೆಬ್ಬಾತಿನಲ್ಲಿ ಕೊಬ್ಬು ಜಾಸ್ತಿ, ಮಾಂಸ ಕಡಿಮೆ. ಹದಿನೈದು ಜನಕ್ಕೆ ಸಾಲುವುದಿಲ್ಲ.

ಹಳೇ ಕಾಗದ: ಹೆಬ್ಬಾತೂ ಪಂಕ್ತಿಯಲ್ಲಿತ್ತು! ನ್ಯೂ ಹ್ಯಾಂಪ್‌ಶೈರಿನ ಸಾರಾ ಜೋಸೆಫಾ ಹೇಲ್ ತನ್ನ 1827ರ ಕಾದಂಬರಿಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟ ವರ್ಣಿಸುತ್ತಾಳೆ. ಹೆಬ್ಬಾತು, ಬಾತುಕೋಳಿ, ಚಿಕನ್ ಪೈ ಎಲ್ಲ ಇವೆ. ಮೇಜಿನ ತಲೆಯಲ್ಲಿ ಮಾತ್ರ ಟರ್ಕಿ. ಆಮೇಲೆ ಆಕೆ ಮಹಿಳಾ ಪತ್ರಿಕೆಯ ಸಂಪಾದಕಿಯಾಗಿ, ಇದು ದೇಶದ ಹಬ್ಬವಾಗಲಿ ಅಂತ ವರ್ಷಗಟ್ಟಲೆ ಬೆನ್ನು ಹತ್ತಿದಳು. 1863ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಕನ್‌ಗೆ ಪತ್ರ ಬರೆದಳು, ಅಕ್ಟೋಬರಿನಲ್ಲಿ ಘೋಷಣೆ ಬಂತು. ಅದರಲ್ಲಿ ಟರ್ಕಿಯ ಮಾತೇ ಇಲ್ಲ.

ಬಾಡೂಟ ಪ್ರಿಯ: ಹಾಗಾದರೆ ಒಬ್ಬ ಸಂಪಾದಕಿ ಇಡೀ ದೇಶದ ನಾಲಿಗೆ ತಿರುಗಿಸಿದಳಾ? ಸ್ವಲ್ಪ ಜಾಸ್ತಿ ಆಯ್ತು.

ಹಳೇ ಕಾಗದ: ಅವಳು ಹುಟ್ಟಿಸಿದಳು ಅನ್ನುತ್ತಿಲ್ಲ. ತನ್ನ ಊರಿನ ಅಡುಗೆಯನ್ನು ಊರೂರಿಗೆ ಹಂಚಿದಳು. ಕೋಳಿಗೂಡಿನ ಲೆಕ್ಕಕ್ಕೆ ನಾನು ಒಪ್ಪಿದೆ. ಆದರೆ ಆ ಲೆಕ್ಕದಿಂದ ಹಕ್ಕಿ ಮನೆಯ ಮೇಜಿಗೆ ಬಂತು, ದೇಶದ ಮೇಜಿಗಲ್ಲ.

ಕಡಲ ಕಾಗೆ: ನಡುವೆ ಬಾಯಿ ಹಾಕುತ್ತೇನೆ. ಮೆಕ್ಸಿಕೋದಲ್ಲಿ ಸಾಕಿದ ಹಕ್ಕಿಗೆ ಇಂಗ್ಲಿಷರು ಟರ್ಕಿ ದೇಶದ ಹೆಸರಿಟ್ಟರು. ಟರ್ಕಿಯವರು ಅದನ್ನು ‘ಹಿಂದಿ’, ಅಂದರೆ ಭಾರತದ್ದು, ಅನ್ನುತ್ತಾರೆ. ಡಚ್ಚರ ‘ಕಲ್ಕೂನ್’ ನಮ್ಮ ಪಕ್ಕದ ಕಲ್ಲಿಕೋಟೆಯಿಂದ ಬಂದದ್ದು! 1612ರಲ್ಲಿ ಗೋವಾದಿಂದ ಒಂದು ಹಕ್ಕಿ ಜಹಾಂಗೀರನ ಆಸ್ಥಾನಕ್ಕೆ ಹೋಯಿತು. ಅವನು ತಿನ್ನಲಿಲ್ಲ, ಚಿತ್ರ ಬರೆಸಿದ.

ಡಲ್ಲಾಸ್ ದೋಸೆ: ಗುರುವಾರದ ಪಾಟ್‌ಲಕ್‌ಗೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಊಟಕ್ಕೆ, ನನ್ನ ಪಾಲು ಚಿತ್ರಾನ್ನ. 5 ಜಿಂಕೆಯ ವಿಷಯ ಮಾತ್ರ ಊಟ ಮುಗಿದ ಮೇಲೆ ಎತ್ತುತ್ತೇನೆ.