ಗೇಮ್ ಶುರುವಾದ ಸ್ವಲ್ಪ ಹೊತ್ತಿಗೆ ಪರದೆ ಕಪ್ಪು: ಹತ್ತು ಲೀಟರ್ ಕೇಸ್, ಆರ್‌ಟಿಎಕ್ಸ್ 5070. ಬಿಸಿಯೇ ಕಾರಣವಾ?

ಡೊಂಬಿವಲಿ ಸ್ಲೋ ಲೋಕಲ್:

ಎಲ್ಲರಿಗೂ ನಮಸ್ಕಾರ. ನಮ್ಮದು ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ. ದೊಡ್ಡ ಟವರ್ ಇಡಲು ಜಾಗವೇ ಇಲ್ಲ. ಹಾಗಾಗಿ ಸ್ಯಾಂಡ್‌ವಿಚ್ ಮಾದರಿಯ (ನಡುವೆ ಗೋಡೆ, ಒಂದು ಬದಿ ಬೋರ್ಡ್, ಇನ್ನೊಂದು ಬದಿ ಗ್ರಾಫಿಕ್ಸ್ ಕಾರ್ಡ್) ಹತ್ತು ಲೀಟರ್ ಕೇಸ್ ತಂದು ಹೊಸ ಪಿಸಿ ಕಟ್ಟಿದ್ದೇನೆ. ಒಳಗಿರುವುದು ಇಷ್ಟು: ಸಿಪಿಯು ರೈಜನ್ 5 7600ಎಕ್ಸ್, ಬಿ650ಇ ಮಿನಿ ಐಟಿಎಕ್ಸ್ ಬೋರ್ಡ್, 32 ಜಿಬಿ ರ‍್ಯಾಮ್, ಎರಡು ಫ್ಯಾನಿನ ಆರ್‌ಟಿಎಕ್ಸ್ 5070, 750 ವ್ಯಾಟ್ ಎಸ್ಎಫ್ಎಕ್ಸ್ (ಸಣ್ಣ ಅಳತೆಯ) ಪವರ್ ಸಪ್ಲೈ, 47 ಮಿಮೀ ಎತ್ತರದ ಕೂಲರ್. ಕಾರ್ಡನ್ನು ಬೋರ್ಡಿನ ಸ್ಲಾಟಿಗೆ ಜೋಡಿಸುವ ರೈಸರ್ ಕೇಬಲ್ ಕೇಸ್ ಜೊತೆಗೇ ಬಂದದ್ದು.

ತೊಂದರೆ ಏನೆಂದರೆ, ಡೆಸ್ಕ್‌ಟಾಪ್, ಯೂಟ್ಯೂಬ್, ಆಫೀಸ್ ಕೆಲಸ ಎಲ್ಲ ದಿನವಿಡೀ ಸರಿಯಾಗಿ ನಡೆಯುತ್ತದೆ. ಗೇಮ್ ಹಾಕಿದರೆ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಜೋರಾಗಿ ತಿರುಗತೊಡಗುತ್ತದೆ. ಹೆಡ್‌ಫೋನಿನಲ್ಲಿ ಗೇಮಿನ ಸದ್ದು ಮಾತ್ರ ಇನ್ನೂ ಕೇಳುತ್ತಿರುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡದೆ ಬೇರೆ ದಾರಿ ಇಲ್ಲ. ಸಿಪಿಯು 90 ಡಿಗ್ರಿ ದಾಟುತ್ತಿದೆ. ಕೇಸ್ ಬದಲಾಯಿಸಬೇಕಾ?

ಠಾಣೆ ಟರ್ಬೊ:

ಮಾರಾಯ್ರೆ, ಮೇ ತಿಂಗಳ ಮುಂಬೈ, ಹತ್ತು ಲೀಟರ್ ಡಬ್ಬ, 250 ವ್ಯಾಟ್ ಕಾರ್ಡ್. ಇನ್ನೇನಾಗಬೇಕಿತ್ತು? ಸೈಡ್ ಪ್ಯಾನೆಲ್ ತೆಗೆದು ಟೇಬಲ್ ಫ್ಯಾನ್ ಇಡಿ. ನಿಂತರೆ ಬಿಸಿಯೇ ಕಾರಣ.

ಡೊಂಬಿವಲಿ ಸ್ಲೋ ಲೋಕಲ್:

ಅದನ್ನೂ ಮಾಡಿ ನೋಡಿದೆ ಸರ್. ಪ್ಯಾನೆಲ್ ತೆಗೆದರೆ ಕಾರ್ಡ್ 65ರ ಆಸುಪಾಸಿನಲ್ಲೇ ಇರುತ್ತದೆ. ಆದರೂ ಕಪ್ಪು.

ಬೆಸುಗೆ ಕಡ್ಡಿ (ಮಾಟುಂಗಾ):

65 ಡಿಗ್ರಿಯಲ್ಲಿ ಯಾವ ಕಾರ್ಡೂ ಬಿಸಿಗೆ ಸಾಯುವುದಿಲ್ಲ. ಸಿಪಿಯು 90 ದಾಟಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. 7600ಎಕ್ಸ್‌ನ ಮಿತಿ 95 ಡಿಗ್ರಿ. ಅಲ್ಲಿಗೆ ತಲುಪಿದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಪರದೆ ಆರಿಸುವುದಿಲ್ಲ. ಪವರ್ ಸಪ್ಲೈ ಮೇಲೂ ನನಗೆ ಅನುಮಾನ ಕಡಿಮೆ. ಅದು ಟ್ರಿಪ್ ಆದರೆ ಇಡೀ ಪಿಸಿ ಪಟ್ಟನೆ ಆಫ್ ಆಗುತ್ತದೆ. ನಿಮ್ಮಲ್ಲಿ ಸದ್ದು ಕೇಳುತ್ತಲೇ ಇದೆ. ಅಂದರೆ ಸಿಪಿಯು ಬದುಕಿದೆ, ಗ್ರಾಫಿಕ್ಸ್ ಕಾರ್ಡ್ ಮಾತ್ರ ಸಂಪರ್ಕ ಕಳೆದುಕೊಂಡಿದೆ.

ಎರಡು ವಿಷಯ ಹೇಳಿ. ರೈಸರ್ ಯಾವ ತಲೆಮಾರಿನದು? ಮತ್ತೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ಡಬ್ಲ್ಯುಎಚ್ಇಎ ಲಾಗರ್ (ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಎಂಬ ಎಚ್ಚರಿಕೆಗಳು ಇವೆಯಾ ನೋಡಿ. ಇದ್ದರೆ ಈವೆಂಟ್ ನಂಬರ್ ಎಷ್ಟು?

ಡೊಂಬಿವಲಿ ಸ್ಲೋ ಲೋಕಲ್:

ಅಬ್ಬಾ, ಸಾಲುಸಾಲಾಗಿ ಇವೆ. ಎಲ್ಲವೂ ಈವೆಂಟ್ 17. ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟ್ ಎಂದು ಬರೆದಿದೆ. ರೈಸರ್ ಮೇಲೆ ಪಿಸಿಐಇ 4.0 ಎಂದಿದೆ. ಆದರೆ ಕೇಬಲ್ ಕೆಟ್ಟಿದ್ದರೆ ಡೆಸ್ಕ್‌ಟಾಪ್‌ನಲ್ಲೂ ಕೈಕೊಡಬೇಕಿತ್ತಲ್ವಾ?

ಬೆಸುಗೆ ಕಡ್ಡಿ (ಮಾಟುಂಗಾ):

ಕೇಬಲ್ ಕೆಟ್ಟಿಲ್ಲ. ಅದರ ಶಕ್ತಿಗೆ ಮೀರಿದ ಕೆಲಸ ಅದಕ್ಕೆ ಬಿದ್ದಿದೆ.

ಪಿಸಿಐಇ ಎಂದರೆ ಕಾರ್ಡಿಗೂ ಬೋರ್ಡಿಗೂ ನಡುವಿನ ಲಿಂಕ್, ಜೆನ್ ಎಂದರೆ ಅದರ ತಲೆಮಾರು; 4.0 ಎಂದರೆ ಜೆನ್ 4. 5070 ಜೆನ್ 5 ಕಾರ್ಡ್. ಬಿ650ಇ ಬೋರ್ಡಿನ ಸ್ಲಾಟ್ ಕೂಡ ಜೆನ್ 5. ಪಿಸಿ ಆನ್ ಆದಾಗ ಎರಡೂ ಪರಸ್ಪರ ವಿಚಾರಿಸಿಕೊಂಡು ಜೆನ್ 5 ವೇಗಕ್ಕೆ ಒಪ್ಪುತ್ತವೆ. ನಡುವಿನ ಕೇಬಲ್‌ಗೆ ಬಾಯಿಲ್ಲ, ತಾನು ಜೆನ್ 4 ಎಂದು ಅದು ಹೇಳುವುದಿಲ್ಲ. ಎರಡೂ ತುದಿಯ ಸ್ಟೇಶನ್ ಫಾಸ್ಟ್ ಲೋಕಲ್‌ಗೆ ಹಸಿರು ತೋರಿಸಿ, ನಡುವೆ ಹಳೆಯ ಹಳಿಯೇ ಉಳಿದ ಹಾಗೆ. ಲೇನ್ ಎಂದರೆ ಡೇಟಾ ಓಡುವ ಒಂದು ಹಳಿ. ಜೆನ್ 4ರಲ್ಲಿ ಪ್ರತಿ ಲೇನ್‌ಗೆ ಸೆಕೆಂಡಿಗೆ 16 ಗಿಗಾಟ್ರಾನ್ಸ್‌ಫರ್, ಜೆನ್ 5ರಲ್ಲಿ 32. ವೇಗ ಇಮ್ಮಡಿಯಾದಾಗ ಕೇಬಲ್‌ನಲ್ಲಿ ಸಿಗ್ನಲ್ ಸೋರಿಹೋಗುವುದೂ ಜಾಸ್ತಿ. ಮೊದಮೊದಲು ಸಣ್ಣ ತಪ್ಪುಗಳು, ಅವನ್ನು ಪಿಸಿಯೇ ಸರಿಪಡಿಸಿಕೊಳ್ಳುತ್ತದೆ. ನಿಮಗೆ ಕಾಣುವ 17 ಅವೇ. ಸರಿಪಡಿಸಲಾಗದ ಒಂದು ಬಂದ ಕೂಡಲೇ ಕಾರ್ಡ್ ಕೈಬಿಡುತ್ತದೆ.

ಇನ್ನು ಡೆಸ್ಕ್‌ಟಾಪ್‌ನಲ್ಲಿ ಯಾಕೆ ಸುಮ್ಮನಿರುತ್ತದೆ? ಕೆಲಸ ಇಲ್ಲದಾಗ ಕಾರ್ಡ್ ಕರೆಂಟ್ ಉಳಿಸಲು ಲಿಂಕನ್ನು ಜೆನ್ 1ಕ್ಕೆ ಇಳಿಸಿಕೊಳ್ಳುತ್ತದೆ. ಆ ವೇಗ ಎಂಥ ಕೇಬಲ್‌ಗೂ ಸಲೀಸು. ಗೇಮ್ ಶುರುವಾದಾಗ ಪೂರ್ತಿ ವೇಗಕ್ಕೆ ಏರುತ್ತದೆ. ಗೇಮ್ ಶುರುವಾದಾಗಲೇ ಬಿಸಿಯೂ ಏರುವುದರಿಂದ ಎಲ್ಲರೂ ಕೂಲರ್, ಪೇಸ್ಟ್, ಫ್ಯಾನ್ ಎಂದು ದುಡ್ಡು ಸುರಿಯುತ್ತಾರೆ. ಸಣ್ಣ ಕೇಸ್ ಎಂದರೆ ಬಿಸಿ ಎಂಬ ತೀರ್ಪು ಮೊದಲೇ ಬರೆದಿಟ್ಟಂತಿರುತ್ತದೆ. ಟರ್ಬೊ ಅವರೇ, ಬೇಜಾರು ಮಾಡಿಕೊಳ್ಳಬೇಡಿ.

ಮಾಡಬೇಕಾದ್ದು ಇಷ್ಟೇ. ಬಯೋಸ್ ಎಂದರೆ ವಿಂಡೋಸ್ ಶುರುವಾಗುವ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ ಪುಟ. ಬಯೋಸ್‌ಗೆ ಹೋಗಿ. ಅಡ್ವಾನ್ಸ್‌ಡ್ ವಿಭಾಗದಲ್ಲಿ ಪಿಸಿಐಇ ಸ್ಲಾಟಿನ ಲಿಂಕ್ ಸ್ಪೀಡ್ ಎಂಬುದು ಆಟೋ ಎಂದಿರುತ್ತದೆ. ಬೋರ್ಡಿನಿಂದ ಬೋರ್ಡಿಗೆ ಹೆಸರು ಸ್ವಲ್ಪ ಬೇರೆ. ಅದನ್ನು ಜೆನ್ 4 ಮಾಡಿ, ಸೇವ್ ಮಾಡಿ. ಆಮೇಲೆ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಪ್ರೋಗ್ರಾಂ) ತೆರೆದು ಬಸ್ ಇಂಟರ್‌ಫೇಸ್ ಎಂಬ ಸಾಲು ನೋಡಿ. ಸುಮ್ನೆ ನೋಡಿದರೆ 1.1 ಎಂದು ತೋರಿಸಬಹುದು, ಹೆದರಬೇಡಿ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಅದರ ಪುಟ್ಟ ಪರೀಕ್ಷೆ ಓಡಿಸಿದರೆ 4.0ಕ್ಕೆ ಏರಬೇಕು.

ಡೊಂಬಿವಲಿ ಸ್ಲೋ ಲೋಕಲ್:

ಜೆನ್ 4ಕ್ಕೆ ಇಳಿಸಿದರೆ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳು) ಕಡಿಮೆಯಾಗುವುದಿಲ್ಲವಾ? ಇಷ್ಟು ದುಡ್ಡು ಕೊಟ್ಟು ಜೆನ್ 5 ಕಾರ್ಡ್ ತಂದಿದ್ದೇನೆ.

ಬೆಸುಗೆ ಕಡ್ಡಿ (ಮಾಟುಂಗಾ):

ಗೇಮ್‌ನಲ್ಲಿ ಗೊತ್ತೇ ಆಗುವುದಿಲ್ಲ. 5070 ಹದಿನಾರು ಲೇನ್ ಬಳಸುವ ಕಾರ್ಡ್, ಜೆನ್ 4ರ ಹದಿನಾರು ಲೇನ್ ಅದಕ್ಕೆ ಧಾರಾಳ. ಹಳೆಯ ಜೆನ್ 3 ರೈಸರ್‌ಗೆ 5060 ಟಿಐ ಹಾಕುವವರು ಮಾತ್ರ ಯೋಚಿಸಬೇಕು. ಅದಕ್ಕಿರುವುದು ಎಂಟೇ ಲೇನ್. ಅದರಲ್ಲೂ 8 ಜಿಬಿ ಕಾರ್ಡಿನಲ್ಲಿ ಮೆಮೊರಿ ತುಂಬಿದಾಗ ಪೆಟ್ಟು ಚೆನ್ನಾಗಿಯೇ ಬೀಳುತ್ತದೆ.

ವಾಸ್ಕೋ ಬಂದರು:

ನಡುವೆ ಬಾಯಿ ಹಾಕುತ್ತಿದ್ದೇನೆ ಅಣ್ಣ. ನನ್ನದೂ ರೈಸರ್ ಇರುವ ಕೇಸ್, ಜೆನ್ 5 ಕಾರ್ಡು, ಜೆನ್ 5 ಬೋರ್ಡು. ಆದರೆ ಆನ್ ಮಾಡಿದಾಗಿನಿಂದಲೇ ಪರದೆ ಕಪ್ಪು. ಬಯೋಸ್ ಕಂಡರೆ ತಾನೇ ಬದಲಾಯಿಸುವುದು? ಸಿಪಿಯು 7500ಎಫ್.

ಬೆಸುಗೆ ಕಡ್ಡಿ (ಮಾಟುಂಗಾ):

7500ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. 7600ಎಕ್ಸ್ ಇದ್ದವರು ಮಾನಿಟರ್ ಕೇಬಲ್ ತೆಗೆದು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದರೆ ಬಯೋಸ್ ಕಾಣುತ್ತದೆ. ನಿಮಗೆ ಆ ದಾರಿ ಮುಚ್ಚಿದೆ. ಬೋರ್ಡ್ ಮತ್ತು ಪವರ್ ಸಪ್ಲೈ ಎರಡನ್ನೂ ಕೇಸಿನಿಂದ ಹೊರಗೆ ತೆಗೆಯಿರಿ. ಬೋರ್ಡ್ ಬಂದ ರಟ್ಟಿನ ಪೆಟ್ಟಿಗೆ ಮೇಲೆ ಅದನ್ನು ಇಟ್ಟು, ಕಾರ್ಡನ್ನು ರೈಸರ್ ಇಲ್ಲದೆ ನೇರವಾಗಿ ಸ್ಲಾಟಿಗೆ ಹಾಕಿ. ಪವರ್ ಬಟನ್‌ನ ವೈರ್ ಸಿಗದಿದ್ದರೆ ಬೋರ್ಡಿನಲ್ಲಿ ಆ ವೈರ್ ಕೂರುವ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸಾಕು. ಪರದೆ ಬಂದರೆ ಜೆನ್ 4 ಮಾಡಿ ಸೇವ್ ಮಾಡಿ, ವಾಪಸ್ ಕೇಸಿನೊಳಗೆ. ನೇರವಾಗಿ ಹಾಕಿದಾಗಲೂ ಪರದೆ ಬರದಿದ್ದರೆ ತೊಂದರೆ ಬೇರೆ, ಆಗ ಇಲ್ಲಿ ಹೊಸ ಚರ್ಚೆ ಶುರು ಮಾಡಿ.

ಡೊಂಬಿವಲಿ ಸ್ಲೋ ಲೋಕಲ್:

ಸರ್, ಸರಿಹೋಯಿತು! ನಿನ್ನೆ ರಾತ್ರಿ ಊಟ ಆದ ಮೇಲೆ ಕೂತವನು ಹೆಂಡತಿ ಬಂದು ಸ್ವಿಚ್ ಆಫ್ ಮಾಡುತ್ತೇನೆ ಎನ್ನುವವರೆಗೂ ಆಡಿದೆ. ಈವೆಂಟ್ 17 ಹೊಸದಾಗಿ ಒಂದೂ ಬಂದಿಲ್ಲ. ಕೇಸ್ ಬದಲಾಯಿಸುವ ಯೋಚನೆ ಬಿಟ್ಟೆ. ಇನ್ನು ಸಿಪಿಯು ಫ್ಯಾನಿನ ಕಿರುಚಾಟ ಮಾತ್ರ ಉಳಿದಿದೆ. ಮಗು ಏಳುತ್ತದೆ.

ಬೆಸುಗೆ ಕಡ್ಡಿ (ಮಾಟುಂಗಾ):

ಬಯೋಸ್‌ನಲ್ಲೇ ಇಕೋ ಮೋಡ್ 65 ವ್ಯಾಟ್ ಹಾಕಿ. 7600ಎಕ್ಸ್ ಸಾಮಾನ್ಯವಾಗಿ 142 ವ್ಯಾಟ್ ತನಕ ಎಳೆಯಬಲ್ಲದು, ಹೆಸರು 65 ಆದರೂ ಇಕೋದಲ್ಲಿ 88ಕ್ಕೆ ನಿಲ್ಲುತ್ತದೆ. 47 ಮಿಮೀ ಕೂಲರ್‌ಗೆ ಅಷ್ಟೇ ಯೋಗ್ಯ. ಗೇಮ್‌ಗಳಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಕಾರ್ಡಿಗೆ ಆಫ್ಟರ್‌ಬರ್ನರ್ ಎಂಬ ಪ್ರೋಗ್ರಾಂನಲ್ಲಿ ಪವರ್ ಲಿಮಿಟ್ 80 ಪರ್ಸೆಂಟ್ ಮಾಡಿದರೆ 250 ವ್ಯಾಟ್ 200ಕ್ಕೆ ಇಳಿಯುತ್ತದೆ. ಸ್ವೀಡನ್ನಿನಂಥ ತಂಪು ದೇಶದ ರಿವ್ಯೂದಲ್ಲಿ ತೋರಿಸುವ ಡಿಗ್ರಿಯನ್ನು ನಿಮ್ಮ ಮನೆಗೆ ಹೋಲಿಸಬೇಡಿ. ಅವರ ಕೋಣೆ 21 ಡಿಗ್ರಿ, ನಿಮ್ಮದು 33. ಆ ಹನ್ನೆರಡು ಹೆಚ್ಚುಕಡಿಮೆ ಹಾಗೇ ಚಿಪ್‌ನ ಬಿಸಿಗೆ ಸೇರುತ್ತದೆ.

ಒಂದು ಮಾತು ನೆನಪಿರಲಿ. ಬಯೋಸ್ ಅಪ್‌ಡೇಟ್ ಮಾಡಿದರೆ, ಅಥವಾ ಬೋರ್ಡಿನ ಬ್ಯಾಟರಿ ತೆಗೆದರೆ, ಲಿಂಕ್ ಸ್ಪೀಡ್ ಮತ್ತೆ ಆಟೋಗೆ ಹೋಗುತ್ತದೆ. ಆಗ ಕಪ್ಪು ಪರದೆಯೂ ವಾಪಸ್ ಬರುತ್ತದೆ.

ಕೊತ್ರೂಡ್ ಕನ್ನಡಿಗ:

ಪುಣೆಯಿಂದ. ಇದನ್ನೆಲ್ಲ ಓದಿದ ಮೇಲೆ ನನ್ನ ಪ್ಲಾನ್ ಬಗ್ಗೆ ಭಯ ಶುರುವಾಗಿದೆ. ಕೇಸ್ ಯಾವುದು, ಫ್ರಾಕ್ಟಲ್ ಟೆರಾ ತೆಗೆದುಕೊಳ್ಳಲಾ, ಕೂಲರ್ ಮಾಸ್ಟರ್ ಎನ್‌ಆರ್200 ತೆಗೆದುಕೊಳ್ಳಲಾ? ಮೊದಲ ಸಲ ಕಟ್ಟುತ್ತಿರುವುದು. ಹಳೆಯ ಎಟಿಎಕ್ಸ್ (ದೊಡ್ಡ ಟವರ್ ಅಳತೆಯ) ಪವರ್ ಸಪ್ಲೈ ಕೈಯಲ್ಲಿದೆ.

ಬೆಸುಗೆ ಕಡ್ಡಿ (ಮಾಟುಂಗಾ):

ಮೊದಲ ಸಲವಾದರೆ ಎನ್‌ಆರ್200. ಯೋಚನೆಯೇ ಬೇಡ. 18 ಲೀಟರ್ ಚಿಲ್ಲರೆ, ನಿಜ, ಟೆರಾದ 10.4ರ ಮುಂದೆ ದಪ್ಪ. ಆದರೆ ಕಾರ್ಡ್ ನೇರವಾಗಿ ಬೋರ್ಡಿಗೆ ಕೂರುತ್ತದೆ, ರೈಸರ್ ತಲೆನೋವೇ ಇಲ್ಲ. 330 ಮಿಮೀ ಉದ್ದದ ಕಾರ್ಡ್, 155 ಮಿಮೀ ಎತ್ತರದ ಟವರ್ ಕೂಲರ್ ಹಿಡಿಯುತ್ತದೆ. 155 ಎಂದರೆ 155. ನೋಕ್ಟುವಾ ಯು12ಎಸ್ ಕೂಲರ್ 158 ಇದೆ, ಮೂರು ಮಿಮೀ ತಾನೇ ಎಂದು ತಂದರೆ ಪ್ಯಾನೆಲ್ ಮುಚ್ಚುವುದಿಲ್ಲ.

ಟೆರಾದಲ್ಲಿ ಲೆಕ್ಕವೇ ಬೇರೆ. ನಡುವಿನ ಗೋಡೆ ಆಚೀಚೆ ಸರಿಯುತ್ತದೆ. ಕಾರ್ಡಿಗೆ ಜಾಸ್ತಿ ಜಾಗ ಕೊಟ್ಟಷ್ಟೂ ಕೂಲರ್‌ಗೆ ಕಡಿಮೆ. 72 ಮಿಮೀ ದಪ್ಪದ ಕಾರ್ಡ್ ಹಾಕಿದರೆ ಕೂಲರ್‌ಗೆ ಉಳಿಯುವುದು 48, ಕಾರ್ಡ್ 43 ಇದ್ದರೆ ಕೂಲರ್ 77ರ ತನಕ. ಹಾಗಾಗಿ ಮೊದಲು ಕಾರ್ಡ್ ನಿರ್ಧರಿಸಿ, ಆಮೇಲೆ ಕೂಲರ್. ಎನ್ವಿಡಿಯಾ 2024ರಲ್ಲಿ ಸಣ್ಣ ಕೇಸ್‌ಗೆಂದೇ ಎಸ್ಎಫ್ಎಫ್ ರೆಡಿ ಎಂಬ ಕಾರ್ಡಿನ ಅಳತೆ ಹೇಳಿತು: ಉದ್ದ 304, ಎತ್ತರ ಕೇಬಲ್ ಬಾಗುವ ಜಾಗ ಸೇರಿ 151, ದಪ್ಪ 50 ಮಿಮೀ. ಅದು ಗರಿಷ್ಠ ಅಳತೆ ಮಾತ್ರ, ಹಾಗಾಗಿ ನಿಮ್ಮ ಕೇಸಿನ ಅಂಕಿಗಳ ಜೊತೆ ಮೂರನ್ನೂ ತಾಳೆ ನೋಡಲೇಬೇಕು. ಹೊಸ 16 ಪಿನ್ ಪವರ್ ಕೇಬಲ್ಲನ್ನು ಕನೆಕ್ಟರ್ ಬುಡದಲ್ಲೇ ಮಡಚಬೇಡಿ. ಕಡಿಮೆ ಎಂದರೂ 35 ಮಿಮೀ ನೇರ ಬಂದ ಮೇಲೆ ಬಾಗಲಿ.

ಎಟಿಎಕ್ಸ್ ಪವರ್ ಸಪ್ಲೈ ಮಾರಿಬಿಡಿ. ಎರಡೂ ಕೇಸ್‌ಗೆ ಎಸ್ಎಫ್ಎಕ್ಸ್ ಬೇಕು. ಎಸ್ಎಫ್ಎಕ್ಸ್ ಉದ್ದ 100 ಮಿಮೀ, ಎಸ್ಎಫ್ಎಕ್ಸ್-ಎಲ್ 130. ಆ ಮೂವತ್ತು ಮಿಮೀ ಕೇಬಲ್ ತುರುಕುವ ಜಾಗವನ್ನೇ ತಿನ್ನುತ್ತದೆ, ಹಾಗಾಗಿ ಚಿಕ್ಕದನ್ನೇ ಹುಡುಕಿ. ಮುಂಬೈಗೆ ಬರುವುದಾದರೆ ಗ್ರಾಂಟ್ ರೋಡ್ ಸ್ಟೇಶನ್ನಿಂದ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ನಡೆದೇ ಹೋಗಬಹುದು. ಆದರೆ ಎಸ್ಎಫ್ಎಕ್ಸ್ ಸ್ಟಾಕ್ ಇದೆಯಾ ಎಂದು ಫೋನ್ ಮಾಡಿಯೇ ಹೊರಡಿ.

ಡೊಂಬಿವಲಿ ಸ್ಲೋ ಲೋಕಲ್:

ಕೊನೆಯ ಪ್ರಶ್ನೆ ಸರ್. ರಜೆಗೆ ಮತ್ಸ್ಯಗಂಧ ರೈಲಿನಲ್ಲಿ ಉಡುಪಿಗೆ ಹೋಗುತ್ತೇವೆ. ಪಿಸಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬಹುದಾ?

ಬೆಸುಗೆ ಕಡ್ಡಿ (ಮಾಟುಂಗಾ):

ಹೋಗಬಹುದು. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಆಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಬೇರೆಯಾಗಿ ಇಡಿ, ಕುಲುಕಾಟಕ್ಕೆ ಅದರ ಭಾರವೆಲ್ಲ ರೈಸರ್ ಸ್ಲಾಟಿನ ಮೇಲೆ ಬೀಳಬಾರದು. ನಿಮ್ಮ ಕೂಲರ್ ಗಿಡ್ಡ, ಅದನ್ನು ಮುಟ್ಟುವುದು ಬೇಡ. ಊರಲ್ಲಿ ಆನ್ ಮಾಡುವ ಮೊದಲು ಆ 16 ಪಿನ್ ಕನೆಕ್ಟರ್ ಪೂರ್ತಿ ಒಳಗೆ ಹೋಗಿದೆಯಾ ಎಂದು ಟಾರ್ಚ್ ಹಾಕಿ ನೋಡಿ.

ವಾಸ್ಕೋ ಬಂದರು:

ರಟ್ಟಿನ ಪೆಟ್ಟಿಗೆ ಮೇಲೆ ಇಟ್ಟು ನೇರವಾಗಿ ಹಾಕಿದೆ, ಪರದೆ ಬಂತು! ಜೆನ್ 4 ಮಾಡಿ ಕೇಸಿಗೆ ಹಾಕಿದ ಮೇಲೂ ಬರುತ್ತಿದೆ. ಥ್ಯಾಂಕ್ಸ್ ಅಣ್ಣ.